ಅಪ್ಪನನ್ನು ಮುಳುಗಡೆ ಊರಿಗೆ ಕರೆದುಕೊಂಡು ಹೋಗಬೇಕು: ಹೋಗಿ ಬಂದವರು ಹೇಳಿ

ಅಪ್ಪನಿಗೆ ಈಗ 72. ಹುಟ್ಟಿದ್ದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹೊಳೆ ಪಕ್ಕದ ಒಂದು ಹಳ್ಳಿಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಊರು ಮುಳುಗಿತು. ಆಮೇಲೆ ಒಮ್ಮೆಯೂ ಅವರು ಆ ಕಡೆ ಹೋಗಿಲ್ಲ. ಮೊನ್ನೆ ಊಟ ಮಾಡುತ್ತಾ ಅವರಾಗಿಯೇ "ಒಂದ್ಸಲ ನೋಡ್ಬೇಕಿತ್ತು" ಅಂದರು. ಯಾವಾಗ ಹೋದರೆ ಒಳ್ಳೆಯದು? ಏನಾದರೂ ಕಾಣುತ್ತದಾ? ಏನೂ ಇಲ್ಲದ್ದನ್ನು ನೋಡಿ ಅಪ್ಪ ನೊಂದುಕೊಂಡರೆ ಏನು ಮಾಡಲಿ ಅನ್ನುವ ಭಯವೂ ಇದೆ.

ಉತ್ತರ 1

ಖಂಡಿತ ಕರೆದುಕೊಂಡು ಹೋಗಿ. ನಾನು ಅಮ್ಮನ ಜೊತೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಹೋಗಿದ್ದು ಡಿಸೆಂಬರ್‌ನಲ್ಲಿ. ನನಗೆ ರಜೆ ಇದ್ದದ್ದು ಆಗ, ಅದೊಂದೇ ಕಾರಣ. ಎಲ್ಲಿ ನೋಡಿದರೂ ನೀರು. ಅಮ್ಮ ದಡದಲ್ಲಿ ನಿಂತು "ಆ ಕಡೆ ಎಲ್ಲೋ" ಅಂತ ಕೈ ತೋರಿಸಿದರು, ಅಷ್ಟೇ. ವಾಪಸ್ ಬರುವಾಗ ಕಾರಿನಲ್ಲಿ ಮಾತೇ ಇರಲಿಲ್ಲ. ಆ ತಪ್ಪು ನೀವು ಮಾಡಬೇಡಿ.

ದಿನ ಗೊತ್ತು ಮಾಡುವುದು ನೀರು, ನಾವಲ್ಲ. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ ಇರುತ್ತದೆ. ಮಳೆಗಾಲದಲ್ಲಿ ಹಿಡಿದಿಟ್ಟ ನೀರನ್ನು ಕರೆಂಟಿಗೆ ಬಿಡುತ್ತಾ ಬಿಡುತ್ತಾ ಬೇಸಿಗೆ ಕೊನೆಗೆ ಬಹಳ ಇಳಿದಿರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಮತ್ತೆ ಏರುತ್ತದೆ. ಹಾಗಾಗಿ ಮೇ ತಿಂಗಳೇ ಸರಿ. ಹಿಂದಿನ ವರ್ಷ ಮಳೆ ಕಡಿಮೆಯಾಗಿದ್ದರೆ ಇನ್ನೂ ಜಾಸ್ತಿ ಕಾಣುತ್ತದೆ. ಮಡೆನೂರಿನ ಹಳೇ ಅಣೆಕಟ್ಟು ಇದೆಯಲ್ಲ, ಹಿರೇಭಾಸ್ಕರ ಅಂತಾರೆ, 1948ರದ್ದು, ಅದೂ ಲಿಂಗನಮಕ್ಕಿಯ ನೀರಿನಲ್ಲೇ ಮುಳುಗಿದ್ದು. ನೀರು ತೀರಾ ಇಳಿದ ವರ್ಷ ಅದು ಮೇಲೆ ಕಾಣುತ್ತದೆ. ಅದು ಕಂಡಿತು ಅಂತ ಪೇಪರಿನಲ್ಲಿ ಬಂದರೆ ರಜೆ ಹಾಕಿ ಹೊರಡಿ.

ಎರಡನೇ ಸಲ ನಾವು ಹೋದದ್ದು ಮೇ ಕೊನೆಯಲ್ಲಿ. ಮಣ್ಣಿನ ಗೋಡೆ ಒಂದೂ ಉಳಿದಿರಲಿಲ್ಲ. ಜಂಬಿಟ್ಟಿಗೆಯ ಪಂಚಾಂಗದ, ಅಂದರೆ ಮನೆ ತಳಪಾಯದ, ಸಾಲು, ಒಣಗಿ ಕಪ್ಪಾದ ಮರದ ಬುಡಗಳು, ಬಿರುಕು ಬಿಟ್ಟ ಹೂಳು. ನಾನು ಫೋನಿನಲ್ಲಿ ಜಾಗ ಹುಡುಕುತ್ತಿದ್ದೆ. ಅಮ್ಮ ಕೆಳಗೆ ನೋಡಲೇ ಇಲ್ಲ. ಸುತ್ತಲಿನ ಗುಡ್ಡದ ಸಾಲನ್ನೇ ನೋಡುತ್ತಾ ನಿಂತರು. ಊರು ಮುಳುಗಿದೆ, ಗುಡ್ಡ ಮುಳುಗಿಲ್ಲವಲ್ಲ. ಎರಡು ಗುಡ್ಡ ಕೂಡುವ ಜಾಗ ನೋಡಿಕೊಂಡು ನೇರ ನಡೆದರು. ಮೊದಲು ಸಿಕ್ಕಿದ್ದು ಹೂಳು ತುಂಬಿದ ಬಾವಿ. ದಿನಾ ನೀರು ಸೇದಿದ್ದ ಬಾವಿ. ಅದು ಸಿಕ್ಕ ಮೇಲೆ ಉಳಿದದ್ದೆಲ್ಲ ತಾನಾಗಿಯೇ ಬಂತು. ಇಲ್ಲಿ ದಣಪೆ (ಬೇಲಿ ಬಾಗಿಲು), ಇಲ್ಲಿ ಕೊಟ್ಟಿಗೆ, ಇಲ್ಲಿಂದ ಕೆಳಗೆ ತೋಟ. ಅತ್ತರು. ನಾನು ತಡೆಯಲಿಲ್ಲ. ಆಮೇಲೆ ಆ ಪಂಚಾಂಗದ ಕಲ್ಲಿನ ಮೇಲೆ ಕೂತು, ತಂದಿದ್ದ ಅವಲಕ್ಕಿ ಮೊಸರು ಇಬ್ಬರೂ ತಿಂದೆವು. ಆ ಸಂಜೆ ಸಾಗರ ಮುಟ್ಟುವ ತನಕ ಅವರ ಮಾತು ನಿಲ್ಲಲಿಲ್ಲ.

ಅದಕ್ಕೇ ಹೇಳುತ್ತೇನೆ, ಅಪ್ಪನನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಆದರೆ ಹೊಳೆ ಪಕ್ಕದ ಊರಾದರೆ ಮೇನಲ್ಲೂ ನೀರಿನ ಕೆಳಗೇ ಇರಬಹುದು. ಹಾಗಾದರೆ ದಡದಿಂದಲೇ ವಾಪಸ್ ಬರಬೇಡಿ.

ನಾನು ಸೊರಬ ತಾಲ್ಲೂಕಿನವಳು. ನಮ್ಮ ಅಜ್ಜನ ಮನೆಯೂ ಮುಳುಗಡೆಯದ್ದೇ. ಆಗ ಜನ ಸೊರಬ, ಶಿಕಾರಿಪುರ, ಹೊಸನಗರ, ಶಿವಮೊಗ್ಗ ಅಂತ ಚದುರಿ ಹೋದರು. ಒಂದೇ ಊರಿನ ಮನೆಗಳು ಹಲವು ಕಡೆ ಅಕ್ಕಪಕ್ಕದಲ್ಲೇ ನೆಲೆಸಿದವು. ಅಪ್ಪನ ಜೊತೆ ಶಾಲೆಗೆ ಹೋದವರು ಎಲ್ಲಿದ್ದಾರೆ ಅಂತ ಮೊದಲು ಹುಡುಕಿ. ನನ್ನ ಮಟ್ಟಿಗೆ ಊರು ಅಂದರೆ ಅದೇ. ನೀರಿನಲ್ಲಿರುವುದು ಅರ್ಧ, ಇನ್ನರ್ಧ ಈ ಮನೆಗಳ ಜಗುಲಿಗಳಲ್ಲಿ ಇದೆ.

ಹೋದ ವರ್ಷ ಹೀಗೇ ಒಬ್ಬ ಹಿರಿಯರು ಮಗಳ ಜೊತೆ ನಮ್ಮ ಮನೆಗೆ ಬಂದಿದ್ದರು. ಅಜ್ಜ ಮೊದಲು ಗುರುತು ಹಿಡಿಯಲಿಲ್ಲ. ಮನೆತನದ ಹೆಸರು ಹೇಳಿದ್ದೇ ತಡ, "ಹೊಳೆ ದಾಟುವಾಗ ದೋಣಿಯಲ್ಲಿ ಅತ್ತವನು ನೀನಲ್ವಾ" ಅಂದರು. ಇಬ್ಬರೂ ರಾತ್ರಿ ಹನ್ನೊಂದರವರೆಗೆ ಮಾತಾಡಿದರು. ಯಾರ ತೋಟಕ್ಕೆ ಎಷ್ಟು ಪರಿಹಾರ ಬಂತು, ಯಾರು ಸಾಮಾನು ಬಿಟ್ಟು ಹೋದರು, ಎಲ್ಲ. ಜಮೀನಿನ ಹಕ್ಕುಪತ್ರದ ಮಾತೂ ಬಂತು. ನಾಡಿಗೆ ಬೆಳಕು ಕೊಟ್ಟವರಲ್ಲಿ ಎಷ್ಟೋ ಮನೆಗಳಿಗೆ ಅದು ಇವತ್ತಿಗೂ ಸಿಕ್ಕಿಲ್ಲ. ಅದನ್ನು ಕೇಳುವಾಗ ನಮಗೆ ಸಿಟ್ಟು ಬರುತ್ತದೆ. ನಡುವೆ ಬಾಯಿ ಹಾಕದೆ ಹಿರಿಯರಿಗೆ ಹೇಳಲು ಬಿಡಿ. ಕೇಳಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ.

ಉತ್ತರ 3

ದಾರಿ ಬಗ್ಗೆ ಎರಡು ಮಾತು. ತುಮರಿ, ಸಿಗಂದೂರು ಕಡೆಯ ಊರಾದರೆ ಸಾಗರದಿಂದ ಆವಿನಹಳ್ಳಿ ಮೇಲೆ ಹೊಳೆಬಾಗಿಲಿಗೆ ಹೋಗಿ. ಮೊದಲು ಅಲ್ಲಿಂದ ಕಳಸವಳ್ಳಿಗೆ ಲಾಂಚೇ ಗತಿ. 2025ರ ಜುಲೈನಿಂದ ಸೇತುವೆ ಇದೆ, ಸುಮಾರು 2.4 ಕಿಲೋಮೀಟರ್. ವಯಸ್ಸಾದವರಿಗೆ ಇದರಿಂದ ತುಂಬಾ ಅನುಕೂಲ. ಹಸಿರುಮಕ್ಕಿ ಕಡೆ ಲಾಂಚ್ ನಂಬಿಕೊಂಡು ಹೋಗಬೇಡಿ, ಬೇಸಿಗೆಯಲ್ಲಿ ನೀರಿಳಿದರೆ ನಿಂತುಬಿಡುತ್ತದೆ.

ಹೊರಡುವ ಮೊದಲು ಹಳೇ ಭೂಪಟ ಹುಡುಕಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದವರು 1950ರ ದಶಕದ ಭಾರತದ ಭೂಪಟಗಳನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಅವು ಲಿಂಗನಮಕ್ಕಿಗಿಂತ ಮುಂಚಿನವು. ದೊಡ್ಡದಾಗಿ ಪ್ರಿಂಟ್ ತೆಗೆಸಿ ಅಪ್ಪನ ಮುಂದೆ ಹಾಸಿ. ನಮ್ಮಪ್ಪ ಅದರ ಮೇಲೆ ಪೆನ್ಸಿಲ್ಲಿನಲ್ಲಿ ಕಾಲುದಾರಿಗಳನ್ನೆಲ್ಲ ಬರೆದುಕೊಟ್ಟರು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಉತ್ತರ 4

ಕೆಸರಿನ ಬಗ್ಗೆ ಯಾರೂ ಹೇಳಲಿಲ್ಲ. ಹೂಳು ಮೇಲೆ ಒಣಗಿ ಗಟ್ಟಿ ಕಾಣುತ್ತದೆ, ಒಳಗೆ ಹಸಿ. ನಮ್ಮ ದೊಡ್ಡಪ್ಪನ ಕಾಲು ಮೊಣಕಾಲಿನವರೆಗೆ ಹೂತುಹೋಗಿತ್ತು. ನಾವಿಬ್ಬರೇ ಇದ್ದೆವು, ಎತ್ತಲು ಅರ್ಧ ಗಂಟೆ ಬೇಕಾಯಿತು. ಆ ಕಡೆಯ ದನ ಕಾಯುವವರನ್ನೋ ಮೀನು ಹಿಡಿಯುವವರನ್ನೋ ಜೊತೆಗೆ ಕರೆದುಕೊಳ್ಳಿ. ಅವರಿಗೆ ಗಟ್ಟಿ ನೆಲ ಗೊತ್ತಿರುತ್ತದೆ. ಬೆಳಿಗ್ಗೆ ಬೇಗ ಹೋಗಿ. ಕೋಲು, ಟೋಪಿ, ನೀರು ಇರಲಿ, ಅಲ್ಲಿ ನೆರಳಿಗೆ ಒಂದು ಮರವೂ ಇರುವುದಿಲ್ಲ.

ಕೇಳಿದವರ ಮಾತು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಬಾವಿಯ ವಿಷಯ ಬಂದಾಗ "ನಮ್ಮದಕ್ಕೆ ಕಟ್ಟೆ ಇರಲಿಲ್ಲ, ಅಡ್ಡ ಮರ ಇತ್ತು" ಅಂದರು. ಜೊತೆಗೆ ಶಾಲೆಗೆ ಹೋಗುತ್ತಿದ್ದ ಮೂವರ ಹೆಸರು ಹೇಳಿದ್ದಾರೆ, ಒಬ್ಬರು ಶಿಕಾರಿಪುರದ ಕಡೆ ಇರಬೇಕಂತೆ. ಮೇ ಮೂರನೇ ವಾರಕ್ಕೆ ರಜೆ ಹಾಕಿದ್ದೇನೆ.