ಪದಚರ್ಚೆ: ‘ಅತಿವಾಸ್ತವ’ ಅಂದರೆ ಮಕ್ಕಳಿಗೆ ಏನು ಅರ್ಥವಾಗುತ್ತದೆ?

ನಮಸ್ಕಾರ.

ಹಳೆಯ ಪತ್ರಿಕೆಗಳ ಚಿತ್ರಗಳನ್ನು ಕತ್ತರಿಸಿ ಅಂಟಿಸಿ, ಎಲ್ಲೂ ಇಲ್ಲದ ಒಂದು ಊರು, ಬೆಟ್ಟ, ಬಯಲು ಕಟ್ಟುವುದು ಹೇಗೆ ಅಂತ ಮಕ್ಕಳಿಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸರ್ರಿಯಲ್ ಲ್ಯಾಂಡ್‌ಸ್ಕೇಪ್ ಕೊಲಾಜ್ ಅನ್ನುತ್ತಾರಲ್ಲ, ಅದು. ಇದರಲ್ಲಿ ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ‘ಅತಿವಾಸ್ತವ’, ಅಂದರೆ ‘ಸರ್ರಿಯಲ್’ಗೆ ಕನ್ನಡದಲ್ಲಿ ಬಳಸುವ ಪದ. ಕಲೆಯ ಬಗ್ಗೆ ಓದುವವರಿಗೆ ಈ ಪದ ಗೊತ್ತು. ಆದರೆ ಮಕ್ಕಳಿಗೆ ‘ಅತಿ’ ಅಂದರೆ ಜಾಸ್ತಿ. ಅತಿಯಾಸೆ, ಅತಿವೃಷ್ಟಿ ಇದ್ದ ಹಾಗೆ. ಹಾಗಾಗಿ ಅತಿವಾಸ್ತವ ಅಂದರೆ ಫೋಟೊದಷ್ಟೇ ನಿಜವಾಗಿ ಬರೆದ ಚಿತ್ರ ಅಂದುಕೊಳ್ಳುತ್ತಾರೆ. ಅದು ಬೇರೆಯೇ ಶೈಲಿ, ಅಲ್ವಾ? ಪದ ಕಟ್ಟಿದವರದು ತಪ್ಪಲ್ಲ. ‘ಅತಿ’ಗೆ ಮೀರಿದ್ದು ಎಂಬ ಅರ್ಥವೂ ಇದೆ: ಅತೀಂದ್ರಿಯ, ಅತಿಮಾನುಷ. ‘ಸರ್ರಿಯಲ್’ನ ಮೂಲವಾದ ಫ್ರೆಂಚ್ ಪದದಲ್ಲಿರುವ ‘ಸ್ಯುರ್’ ಕೂಡ ‘ಮೇಲೆ’ ಅಂತಲೇ. 1917ರಲ್ಲಿ ಕವಿ ಅಪೊಲಿನೇರ್ ಆ ಮೂಲ ಪದವನ್ನು ಬಳಕೆಗೆ ತಂದರು. 1924ರಲ್ಲಿ ಫ್ರೆಂಚ್ ಲೇಖಕ ಆಂದ್ರೆ ಬ್ರೆತೋನ್ ಈ ಕಲಾಪಂಥದ ಬಗ್ಗೆ ಬರೆದ ಪ್ರಣಾಳಿಕೆಯಲ್ಲಿ ಅದನ್ನು ಕನಸಿಗೆ, ಒಳಮನಸ್ಸಿಗೆ ಗಂಟು ಹಾಕಿದರು.

ಹಾಗಾದರೆ ‘ಕನಸಿನ ನೋಟ’ ಅಂದುಬಿಡೋಣವೇ? ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕನಸು ಅಂದ ಕೂಡಲೇ ಮಬ್ಬು, ಮಂಜು ನೆನಪಾಗುತ್ತದೆ. ಪತ್ರಿಕೆಯ ತುಣುಕುಗಳಲ್ಲಿ ಮಬ್ಬು ಎಲ್ಲಿದೆ? ಒಂದೊಂದೂ ನಿಜವಾದ ಫೋಟೊ. ಹೂಕೋಸಿನ ಚಿತ್ರಗಳನ್ನು ಸಾಲಾಗಿ ಅಂಟಿಸಿ, ಬುಡದಲ್ಲಿ ಬೆರಳುಗುರಿನಷ್ಟು ಸಣ್ಣ ಮನುಷ್ಯನನ್ನು ನಿಲ್ಲಿಸಿ ನೋಡಿ. ಅದು ಕಾಡಾಗುತ್ತದೆ. ಹೂಕೋಸೂ ನಿಜ, ಮನುಷ್ಯನೂ ನಿಜ. ಅಳತೆ ಮಾತ್ರ ಸುಳ್ಳು. ಎಲ್ಲ ತುಣುಕುಗಳ ಮೇಲೂ ಬೆಳಕು ಒಂದೇ ಕಡೆಯಿಂದ ಬಿದ್ದಿದ್ದರೆ, ದೂರದ್ದು ಚಿಕ್ಕದಾಗಿ ಬಾನಂಚಿನ ಹತ್ತಿರ ಇದ್ದರೆ, ಕಣ್ಣು ಆ ಸುಳ್ಳನ್ನು ಸಲೀಸಾಗಿ ನಂಬುತ್ತದೆ. ಈ ಗುಣ ಪದದಲ್ಲಿ ಬರಬೇಕು ಅಂತ ನನ್ನಾಸೆ. ‘ನಿಜ ಮೀರಿದ ನೋಟ’ ಹೇಗಿದೆ? ನಿಜ ಇದೆ, ಅದನ್ನು ದಾಟಿದ್ದೂ ಇದೆ. ಸದ್ಯಕ್ಕೆ ನನ್ನ ಒಲವು ಇದರ ಕಡೆಗೆ.

‘ಕೊಲಾಜ್’ ಹಾಗೇ ಇರಲಿ. ಫ್ರೆಂಚಿನಲ್ಲಿ ಅದಕ್ಕೆ ಅಂಟಿಸುವುದು ಅಂತಲೇ ಅರ್ಥ. 1912ರಲ್ಲಿ ಚಿತ್ರಕಾರರಾದ ಪಿಕಾಸೊ, ಬ್ರಾಕ್ ತಮ್ಮ ಚಿತ್ರಗಳಿಗೆ ಕಾಗದ ಅಂಟಿಸಿದಾಗಿನಿಂದ ಕಲೆಯಲ್ಲಿ ನೆಲೆಯೂರಿದ ಪದ. ‘ಅಂಟುಚಿತ್ರ’ ಅಂದರೆ ಸ್ಟಿಕ್ಕರ್ ಅನ್ನಿಸುತ್ತದೆ.

‘ಕಟೌಟ್’ ಮಾತ್ರ ಬೇಡ. ಅದು ನಮ್ಮಲ್ಲಿ ಸಿನಿಮಾ ನಾಯಕನ ಭಾರಿ ಎತ್ತರದ ಚಿತ್ರಕ್ಕೆ ಮೀಸಲಾಗಿಬಿಟ್ಟಿದೆ. ‘ತುಣುಕು’ ಸಾಕು. ಆದರೆ ಕ್ರಿಯಾಪದ? ಬರೀ ‘ಕತ್ತರಿಸು’ ಅಂದರೆ ಮಕ್ಕಳು ಚೌಕವಾಗಿ ಕತ್ತರಿಸುತ್ತಾರೆ. ಇಲ್ಲಿ ಹೊರಗೆರೆಯ ಗುಂಟ ಹೋಗಬೇಕು. ಕತ್ತರಿ ಹಿಡಿದ ಕೈ ನಿಂತಲ್ಲೇ ಇರಬೇಕು, ಕಾಗದ ತಿರುಗಬೇಕು. ಹೂ ಬಿಡಿಸಿದ ಹಾಗೆ ಪುಟದಿಂದ ಚಿತ್ರ ‘ಬಿಡಿಸು’ ಅನ್ನಲು ತುಂಬಾ ಇಷ್ಟ. ಆದರೆ ‘ಚಿತ್ರ ಬಿಡಿಸು’ ಅಂದರೆ ಪೆನ್ಸಿಲ್ ಹಿಡಿದು ಬರೆಯುವುದು ಅಂತಲೂ ಆಗುತ್ತದಲ್ಲ! ‘ಹೊರಗೆರೆ ಹಿಡಿದು ಕತ್ತರಿಸು’ ಅಂತ ಉದ್ದ ಮಾಡಬೇಕೋ, ಚಿಕ್ಕ ಪದ ಇದೆಯೋ?

ಇನ್ನೊಂದಕ್ಕೆ ನನ್ನ ಹತ್ತಿರ ಪದವೇ ಇಲ್ಲ. ಕತ್ತರಿಸಿದ ಕಾಗದದ ಅಂಚಿನಲ್ಲಿ ಒಳಗಿನ ಬಿಳಿ ಸಣ್ಣ ಗೆರೆಯಾಗಿ ಕಾಣುತ್ತದೆ. ಕಡುಬಣ್ಣದ ಹಿನ್ನೆಲೆಯ ಮೇಲೆ ಅದು ಎದ್ದು ಕಂಡು, ತುಣುಕು ಅಂಟಿಸಿದ್ದು ಅಂತ ಹೇಳಿಬಿಡುತ್ತದೆ. ಅಂಟಿಸುವ ಮೊದಲು ಅಲ್ಲಿ ಬಣ್ಣದ ಪೆನ್ಸಿಲ್ ಆಡಿಸಿದರೆ ಮುಚ್ಚುತ್ತದೆ. ‘ಬಿಳಿಯಂಚು’ ಅಂತ ಬರೆದಿಟ್ಟಿದ್ದೇನೆ. ಪುಸ್ತಕ ಕಟ್ಟುವವರು, ಮುದ್ರಣದವರು ಇದಕ್ಕೆ ಏನನ್ನುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಿ.