ಕಲ್ಲುತೋಟದ ಪುಟ್ಟ ಹೂಗಿಡಗಳು: ಬೆಳೆಸಿದವರು ಅನುಭವ ಹೇಳಿ

ಕೇಳಿದವರು: ಮನೆಯ ಮುಂದೆ ಎಂಟು ಅಡಿ ಉದ್ದದ ಕಲ್ಲುತೋಟ ಮಾಡಿ ಥೈಮ್ (ಪರಿಮಳದ ಪುಟ್ಟ ಎಲೆಗಳ ಗಿಡ), ಸೆಡಮ್ (ನೀರು ತುಂಬಿದ ದಪ್ಪ ಎಲೆಗಳ ಗಿಡ), ಅಲಿಸಮ್ (ಗೊಂಚಲಾಗಿ ಹೂ ಬಿಡುವ ಪುಟ್ಟ ಗಿಡ) ನೆಟ್ಟಿದ್ದೇನೆ. ದಿನವೂ ತಪ್ಪದೆ ನೀರು ಹಾಕಿದರೂ ಥೈಮ್ ಬುಡದಿಂದ ಕಪ್ಪಾಗಿ ಹೋಯಿತು. ಸೆಡಮ್ ಉದ್ದುದ್ದ ಬೆಳೆದು ಬಾಗಿದೆ, ಹೂವಿನ ಸುಳಿವಿಲ್ಲ. ಎಲ್ಲಿ ತಪ್ಪಿದೆ?

ಮೊದಲ ಉತ್ತರ: ನಿಮ್ಮ ಥೈಮ್ ನೀರಿಲ್ಲದೆ ಸತ್ತಿಲ್ಲ, ನೀರಿನಿಂದಲೇ ಸತ್ತಿದೆ. ಮೊದಲ ವರ್ಷ ನನಗೂ ಹೀಗೇ ಆಗಿತ್ತು. ಸತ್ತ ಗಿಡವೊಂದನ್ನು ಕಿತ್ತು ನೋಡಿದೆ. ತುದಿಬೇರುಗಳು ಇನ್ನೂ ಗಟ್ಟಿಯಾಗಿದ್ದವು. ಕಾಂಡ ಮಣ್ಣಿಗೆ ತಾಗುವ ಬೆರಳಗಲದ ಜಾಗ ಮಾತ್ರ ಮೆತ್ತಗಾಗಿ, ಹಿಡಿದರೆ ಸಿಪ್ಪೆ ಕೈಗೇ ಬರುತ್ತಿತ್ತು. ಆ ಬೆರಳಗಲದ ಜಾಗವನ್ನು ಒಣಗಿಸಿಟ್ಟರೆ ಅರ್ಧ ಕೆಲಸ ಮುಗಿದಂತೆ.

ನಾನು ಮಾಡಿದ್ದು ಇಷ್ಟು. ಹಳೆಯ ಮಣ್ಣನ್ನು ತೆಗೆದು, ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಎಲೆಗೊಬ್ಬರ, ಎರಡು ಪಾಲು ದಪ್ಪ ಮರಳು ಮತ್ತು ಸಣ್ಣ ಜಲ್ಲಿ ಬೆರೆಸಿದೆ. ಮರಳು ನುಣುಪಾಗಿದ್ದರೆ ಪ್ರಯೋಜನವಿಲ್ಲ, ಮಣ್ಣಿನ ಸಂದುಗಳನ್ನೇ ತುಂಬಿ ನೀರನ್ನು ಹಿಡಿದಿಡುತ್ತದೆ. ದಪ್ಪ ಮರಳನ್ನೂ ತೊಳೆದೇ ಬಳಸಿ. ಒಂದು ತಂಬಿಗೆ ನೀರು ಸುರಿದು ನೋಡಿ, ಮೇಲೆ ನಿಲ್ಲದೆ ಇಳಿದುಹೋಗಬೇಕು. ನೆಟ್ಟ ಮೇಲೆ ಬುಡದ ಸುತ್ತ, ಎಲೆಗಳ ಕೆಳಗೂ ಹೋಗುವಂತೆ, ಎರಡು ಸೆಂಟಿಮೀಟರ್ ದಪ್ಪಕ್ಕೆ ಜಲ್ಲಿ ಹರಡಿ. ಮಳೆ ಬಂದಾಗ ಮಣ್ಣು ಸಿಡಿದು ಎಲೆಗೆ ಅಂಟುವುದೂ ತಪ್ಪುತ್ತದೆ.

ಕಲ್ಲುಗಳನ್ನು ಮಣ್ಣಿನ ಮೇಲೆ ಬರಿದೇ ಇಟ್ಟಿದ್ದೀರಾ? ಮೂರನೆಯ ಒಂದು ಭಾಗವಾದರೂ ಹೂತಿರಲಿ, ಮೇಲ್ಮೈ ತುಸು ಹಿಂದಕ್ಕೆ ವಾಲಿರಲಿ. ಆಗ ಅದರ ಮೇಲೆ ಬಿದ್ದ ನೀರು ಹಿಂದಿನ ಬೇರುಗಳಿಗೆ ಇಳಿಯುತ್ತದೆ. ಕಲ್ಲಿನ ಅಡಿ ಬಿಸಿಲಿನಲ್ಲೂ ತಂಪು. ಬೇರುಗಳು ಅದನ್ನೇ ಹುಡುಕಿಕೊಂಡು ಹೋಗುತ್ತವೆ.

ಎರಡನೆಯ ಉತ್ತರ: ಸೆಡಮ್ ಬಾಗುವುದಕ್ಕೆ ಹೆಚ್ಚಾಗಿ ಎರಡು ಕಾರಣ, ನೆರಳು ಅಥವಾ ಗೊಬ್ಬರ. ಹೂವಿಗೆಂದು ನಾನು ಸಗಣಿಗೊಬ್ಬರ ಹಾಕಿ ಸೊಪ್ಪನ್ನಷ್ಟೇ ಬೆಳೆದೆ. ಬಾಗಿದ್ದನ್ನು ಕತ್ತರಿಸಿ, ತುದಿಗಳನ್ನು ಒಂದೆರಡು ದಿನ ಒಣಗಿಸಿ ಜಲ್ಲಿಯಲ್ಲಿ ಊರಿ, ಬೇರು ಬಿಡುತ್ತವೆ. ಗೊಬ್ಬರ ಬೇಡವೇ ಬೇಡ.

ಮೂರನೆಯ ಉತ್ತರ: ನೀರಿನ ವಿಷಯದಲ್ಲಿ ಒಂದು ಮಾತು. ಮೇಲಿನದನ್ನು ಓದಿ ಹೊಸ ಸಸಿಗೂ ನೀರು ನಿಲ್ಲಿಸಬೇಡಿ. ಬೇರು ಹಿಡಿಯುವ ತನಕ, ಜಲ್ಲಿಯ ಕೆಳಗೆ ಬೆರಳು ತೂರಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಅಲಿಸಮ್ ಹೂ ಬಾಡತೊಡಗಿದಾಗ ಗಿಡದ ಮೂರನೆಯ ಒಂದು ಭಾಗವನ್ನು ಕತ್ತರಿಸಿ, ಮತ್ತೆ ಚಿಗುರಿ ಹೂ ಬಿಡುತ್ತದೆ. ಅದರ ಬೀಜವನ್ನು ಕಲ್ಲಿನ ಸಂದಿಯಲ್ಲಿ ಉದುರಿಸಿ, ಆಳಕ್ಕೆ ಹೂಳದೆ ಬೆರಳಿನಿಂದ ಒತ್ತಿದರೆ ಸಾಕು, ಮೊಳೆಯಲು ಬೆಳಕು ಬೇಕು. ನಾಲ್ಕೇ ಎಸಳಿನ, ಅಕ್ಕಿಕಾಳಿನ ಉದ್ದದಷ್ಟು ಅಗಲದ ಹೂವು. ಬಗ್ಗಿ ಮೂಸಿದರೆ ಜೇನಿನ ವಾಸನೆ. ಈ ತೋಟವನ್ನು ಮೊಣಕಾಲೂರಿ ನೋಡಬೇಕು, ದಯವಿಟ್ಟು ಒಮ್ಮೆ ಹಾಗೆ ನೋಡಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಉಳಿದಿದ್ದ ಒಂದು ಥೈಮ್ ಬುಡವನ್ನು ಈಗಷ್ಟೇ ಬಿಡಿಸಿ ನೋಡಿದೆ. ಒಂದು ಪಕ್ಕ ಕಪ್ಪಾಗಿದೆ, ಇನ್ನೊಂದು ಪಕ್ಕ ಹಸಿರಿದೆ. ಮಣ್ಣನ್ನು ಹಿಂದೆ ಸರಿಸಿ ಜಲ್ಲಿ ತುಂಬಿದ್ದೇನೆ. ಹಸಿರು ಪಕ್ಕದ ಎರಡು ಕುಡಿಗಳನ್ನು ಕತ್ತರಿಸಿ ಬೇರೆ ಕುಂಡದಲ್ಲಿ ಊರಿಟ್ಟಿದ್ದೇನೆ.