ಮಕ್ಕಳ ಜೊತೆ ಕಠ್ಮಂಡುವಿಗೆ: ಕಾಗದಪತ್ರ, ಶಾಲೆ, ರಾಗಿಹಿಟ್ಟು, ಮುಕ್ತಿನಾಥ

ಕೇಳಿದ್ದು:
ಜೂನ್‌ನಲ್ಲಿ ಕಠ್ಮಂಡುವಿಗೆ ವರ್ಗವಾಗಿದೆ. ದೊಡ್ಡವಳಿಗೆ 15, ರಾಜ್ಯ ಪಠ್ಯಕ್ರಮದಲ್ಲಿ ಒಂಬತ್ತನೇ ತರಗತಿ ಮುಗಿಸಿದ್ದಾಳೆ. ಚಿಕ್ಕವನಿಗೆ 6. ದೀಪಾವಳಿ ಹೊತ್ತಿಗೆ ಅಪ್ಪ ಅಮ್ಮ ಬರುತ್ತಾರೆ, ಮುಕ್ತಿನಾಥ ದೇವಸ್ಥಾನ ನೋಡಬೇಕಂತೆ. ವೀಸಾ ಬೇಡ ಅಂದಮೇಲೆ ಎಲ್ಲರಿಗೂ ಆಧಾರ್ ಸಾಕಲ್ಲವೇ?

ಉತ್ತರ:
ಸಾಲದು. ನೇಪಾಳ ಪರದೇಶ ಅನ್ನಿಸುವುದೇ ಇಲ್ಲ, ಜನ ಎಡವುವುದೂ ಅದಕ್ಕೇ. ವಿಮಾನದಲ್ಲಿ ಬರುವ ದೊಡ್ಡವರ ಹತ್ತಿರ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಇರಲೇಬೇಕು, ಅದೂ ಮೂಲಪ್ರತಿ. ಆಧಾರ್, ಪ್ಯಾನ್‌ನಂಥ ಫೋಟೊ ಇರುವ ಕಾರ್ಡು ನಡೆಯುವುದು 15ರ ಒಳಗಿನ ಮಕ್ಕಳಿಗೆ ಮತ್ತು 65 ದಾಟಿದವರಿಗೆ. 15ರಿಂದ 18ರೊಳಗಿನವರಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಬರೆದುಕೊಟ್ಟ ಗುರುತಿನ ಪತ್ರ ಬೇಕು. ನಿಮ್ಮ ಮಗಳು ಈ ಸಾಲಿಗೇ ಬರುತ್ತಾಳೆ. ಟಿಸಿ ತೆಗೆದುಕೊಂಡ ಮೇಲೆ ಆ ಪತ್ರ ಕೊಡಿ ಎಂದರೆ ಶಾಲೆಯವರು ಹಿಂದೆಮುಂದೆ ನೋಡುತ್ತಾರೆ. ಇಷ್ಟೆಲ್ಲ ತಾಪತ್ರಯದ ಬದಲು ನಾಲ್ವರಿಗೂ ಪಾಸ್‌ಪೋರ್ಟ್ ಮಾಡಿಸಿಕೊಂಡೇ ಹೊರಡಿ.

ಮಗಳ ಶಾಲೆಯೇ ನಿಮ್ಮ ಮುಂದಿರುವ ದೊಡ್ಡ ಪ್ರಶ್ನೆ, ಮನೆ ಹುಡುಕುವ ಮೊದಲೇ ಅದನ್ನು ತೀರ್ಮಾನಿಸಿ. ಕಠ್ಮಂಡುವಿನಲ್ಲಿ ಕೇಂದ್ರೀಯ ವಿದ್ಯಾಲಯವಿದೆ, ಆದರೆ ಅಲ್ಲಿ ರಾಯಭಾರ ಕಚೇರಿಯವರ ಮಕ್ಕಳಿಗೆ ಮೊದಲ ಆದ್ಯತೆ. ಸಿಬಿಎಸ್‌ಇ ಕಲಿಸುವ ಖಾಸಗಿ ಶಾಲೆಯೂ ಉಂಟು. ತೊಡಕಿರುವುದು ಬೇರೆ ಕಡೆ: ಸಿಬಿಎಸ್‌ಇಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಒಂಬತ್ತರಲ್ಲೇ ನೋಂದಣಿ ಆಗಿರುತ್ತದೆ. ಬೇರೆ ಬೋರ್ಡಿನಲ್ಲಿ ಒಂಬತ್ತು ಮುಗಿಸಿದವರನ್ನು ನೇರವಾಗಿ ಹತ್ತಕ್ಕೆ ಸೇರಿಸಲು ಶಾಲೆ ಬೋರ್ಡಿನ ಅನುಮತಿ ಪಡೆಯಬೇಕು, ನಿಮ್ಮ ವರ್ಗಾವಣೆ ಆದೇಶದ ಪ್ರತಿ ಕೊಡಬೇಕು. ಏಪ್ರಿಲ್‌ನಲ್ಲಿ ಶುರುವಾದ ತರಗತಿಗೆ ಜೂನ್‌ನಲ್ಲಿ ಹೋಗಿ ಕೇಳಿದರೆ ಹೊತ್ತು ಮೀರಿರುತ್ತದೆ. ನೇಪಾಳಿ ಪಠ್ಯಕ್ರಮದ ಶಾಲೆಗಳಲ್ಲಿ ಹತ್ತರ ಕೊನೆಗೆ ಎಸ್‌ಇಇ ಪರೀಕ್ಷೆ. ನೇಪಾಳಿ ಭಾಷೆ ಗೊತ್ತಿಲ್ಲದ ಹುಡುಗಿಗೆ ಒಂದೇ ವರ್ಷದಲ್ಲಿ ಅದು ಎಟುಕುವ ಮಾತಲ್ಲ. ಅನುಮತಿ ಕೈಗೆ ಸಿಕ್ಕಿಲ್ಲವೆಂದರೆ ಅಜ್ಜಿ ತಾತನ ಹತ್ತಿರ ಇದ್ದು ಎಸ್ಸೆಸ್ಸೆಲ್ಸಿ ಮುಗಿಸಿ ಬರಲಿ. ಒಂದು ವರ್ಷ ದೂರವಿರುವ ಸಂಕಟ ಸಣ್ಣದಲ್ಲ, ಆದರೂ ಅವಳ ಓದಿಗೆ ಅದೇ ಮೇಲು.

ಚಿಕ್ಕವನ ಬಗ್ಗೆ ಚಿಂತೆ ಬೇಡ, ಆಟದಲ್ಲೇ ನೇಪಾಳಿ ಬರುತ್ತದೆ. ಚಿಂತೆ ಮಾಡಬೇಕಾದ್ದು ಅವನ ಕನ್ನಡಕ್ಕೆ. ಹಿಂದಿ, ನೇಪಾಳಿ ಎರಡಕ್ಕೂ ದೇವನಾಗರಿ ಲಿಪಿಯಾದ್ದರಿಂದ ಕನ್ನಡದ ಅಕ್ಷರ ಮೂಲೆಗೆ ಸರಿಯುತ್ತದೆ. ವರ್ಣಮಾಲೆಯ ಕ್ರಮ ಒಂದೇ ಇರುವುದರಿಂದ ಶಾಲೆಯಲ್ಲಿ ಅಂದು ಕಲಿತ ಅಕ್ಷರವನ್ನೇ ಸಂಜೆ ಕನ್ನಡದಲ್ಲಿ ಬರೆಸಿ, 15 ನಿಮಿಷ ಸಾಕು. ಹ್ರಸ್ವ ಎ, ಒ ಮತ್ತು ಳಕಾರಕ್ಕೆ ಮಾತ್ರ ಬೇರೆಯೇ ಸಮಯ ಕೊಡಿ. ಆ ಭಾಷೆಗಳಲ್ಲಿ ಇವು ಇಲ್ಲದ್ದರಿಂದ ಹಳ್ಳಿ ಹೋಗಿ ಹಲ್ಲಿ ಆಗುತ್ತದೆ, ಕೊಡು ಹೋಗಿ ಕೋಡು ಆಗುತ್ತದೆ.

ಶಾಲೆಯ ಅರ್ಜಿ, ಬಾಡಿಗೆ ಕರಾರು ಎಲ್ಲದರಲ್ಲೂ ವಿಕ್ರಮ ಸಂವತ್ ತಾರೀಖು. ವರ್ಷ ಬದಲಾಗುವುದು ಏಪ್ರಿಲ್ ಮಧ್ಯದಲ್ಲಿ, ವೈಶಾಖಕ್ಕೆ. ಅಲ್ಲಿಂದ ಡಿಸೆಂಬರ್‌ವರೆಗೆ ನಮ್ಮ ಇಸವಿಗೆ 57 ಕೂಡಿಸಬೇಕು, ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ 56. 2018ರ ಜನವರಿಯಲ್ಲಿ ಹುಟ್ಟಿದ ಮಗುವಿಗೆ 2074, ಮೇನಲ್ಲಿ ಹುಟ್ಟಿದ್ದಕ್ಕೆ 2075. ಕಣ್ಣು ಮುಚ್ಚಿ 57 ಕೂಡಿಸಿದರೆ ಜನ್ಮದಿನಾಂಕ ಒಂದು ವರ್ಷ ಆಚೀಚೆಯಾಗಿ, ತಿದ್ದಿಸಲು ಅಲೆಯಬೇಕಾಗುತ್ತದೆ. ಊರಿನ ಆನ್‌ಲೈನ್ ಕನ್ನಡ ತರಗತಿ ಸಂಜೆ 6ಕ್ಕೆ ಎಂದರೆ ಕಠ್ಮಂಡುವಿನಲ್ಲಿ 6:15.

ದುಡ್ಡಿನ ಲೆಕ್ಕ ಸುಲಭ, ನಮ್ಮ 100ಕ್ಕೆ ಅವರ 160. ಬ್ಯಾಂಕಿನ ಒಟಿಪಿ ಬರುವ ಭಾರತದ ಸಿಮ್ಮನ್ನು ಮಾತ್ರ ಸಾಯಲು ಬಿಡಬೇಡಿ.

ಅಂಗಡಿಯಲ್ಲಿ ರಾಗಿ ಎಂದರೆ ಯಾರಿಗೂ ತಿಳಿಯುವುದಿಲ್ಲ, ಕೋದೋ ಎನ್ನಿ. ನಮ್ಮಲ್ಲಿ ಕೋಡೊ ಎನ್ನುವುದು ಹಾರಕ. ಅವರ ಕೋದೋ ನಮ್ಮ ರಾಗಿಯೇ. ಅದರಲ್ಲಿ ಮಾಡುವ ಢಿಂಡೋ ನಮ್ಮ ಮುದ್ದೆಯ ದಾಯಾದಿ. ಉದ್ದು ಅಲ್ಲಿ ಮಾಸ್, ತೊಗರಿ ರಹರ್. ಚಳಿಗಾಲದಲ್ಲಿ ದೋಸೆ ಹಿಟ್ಟು ರಾತ್ರಿ ಕಳೆದರೂ ಉಬ್ಬುವುದಿಲ್ಲ. ಬೆಚ್ಚನೆ ನೀರಲ್ಲಿ ರುಬ್ಬಿ, ಒಂದು ಚಮಚ ಮೆಂತ್ಯ ಸೇರಿಸಿ, ಉಪ್ಪನ್ನು ಉಬ್ಬಿದ ಮೇಲೆ ಹಾಕಿ. ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿಡಿ.

ಮನೆ ನೋಡುವಾಗ ಪಿಲ್ಲರ್ ಮೇಲೆ ಕಟ್ಟಿದ್ದೋ ಎಂದು ಕೇಳಿ. 2015ರ ಏಪ್ರಿಲ್ 25ರ ಭೂಕಂಪವನ್ನು ಆ ಊರು ಮರೆತಿಲ್ಲ. ಬೀರುವನ್ನು ಗೋಡೆಗೆ ಬಿಗಿಸಿ, ಮಕ್ಕಳ ಮಂಚ ಗಾಜಿನ ಕಿಟಕಿಯ ಕೆಳಗೆ ಬೇಡ.

ಇನ್ನೊಬ್ಬರು ಸೇರಿಸಿದ್ದು:
ಮುಕ್ತಿನಾಥದ ಬಗ್ಗೆ ಹೇಳುತ್ತೇನೆ. ದೇವಸ್ಥಾನ 3,700 ಮೀಟರಿಗಿಂತ ಎತ್ತರದಲ್ಲಿದೆ, ದಾರಿಯಲ್ಲಿ ಸಿಗುವ ಪೋಖರಾ ಊರು ಸುಮಾರು 820. ಒಂದೇ ದಿನದಲ್ಲಿ ಇಷ್ಟು ಏರಿದರೆ ವಯಸ್ಸಾದವರಿಗೂ ಮಗುವಿಗೂ ತಲೆನೋವು, ವಾಂತಿ ಕಾಡಬಹುದು. ಪೋಖರಾದಿಂದ ಬೆಳಗಿನ ಮೊದಲ ವಿಮಾನದಲ್ಲಿ ಜೊಮ್‌ಸೋಮ್‌ಗೆ ಹೋಗಿ, ಅಲ್ಲೇ ಸುಮಾರು 2,700 ಮೀಟರಿನಲ್ಲಿ ಒಂದು ರಾತ್ರಿ, ಸಾಧ್ಯವಾದರೆ ಎರಡು ರಾತ್ರಿ ಉಳಿಯಿರಿ. ಮಾರನೆಯ ಬೆಳಿಗ್ಗೆ ಜೀಪಿನಲ್ಲಿ ದೇವಸ್ಥಾನದ ಕೆಳಗಿನ ಊರಾದ ರಾಣಿಪೌವಾಕ್ಕೆ ಹೋಗಿ ದರ್ಶನ ಮುಗಿಸಿ, ಮಧ್ಯಾಹ್ನ ಕೆಳಗಿಳಿಯಿರಿ. ಮೇಲೆ ಮಲಗುವುದು ಬೇಡ.

ಜೀಪು ನಿಂತ ಮೇಲೂ ಮೆಟ್ಟಿಲಿನ ಏರು ಉಂಟು. ಅಪ್ಪ ಅಮ್ಮನಿಗೆ ಕುದುರೆ ಮಾಡಿಕೊಡಿ. ಅಲ್ಲಿನ 108 ಧಾರೆಗಳ ನೀರು ಮಂಜುಗಡ್ಡೆಯಷ್ಟು ತಣ್ಣಗಿರುತ್ತದೆ. ಬಿಪಿ, ಹೃದಯದ ತೊಂದರೆ ಇರುವವರು ಪ್ರೋಕ್ಷಣೆಗೇ ನಿಲ್ಲಿಸಲಿ. ಆರು ವರ್ಷದ ಮಗುವಿಗೆ ತಲೆನೋವೆಂದು ಹೇಳಲು ಬರದೇ ಹೋಗಬಹುದು. ಊಟ ಬೇಡವೆಂದರೆ, ಸುಮ್ಮನೆ ಹಟ ಮಾಡಿದರೆ, ಮಂಕಾಗಿ ಒರಗಿದರೆ ಎತ್ತರದ ಕಾಟ ಎಂದೇ ತಿಳಿದು ತಕ್ಷಣ ಇಳಿಯಿರಿ. ನಿದ್ದೆ ಮಾತ್ರೆ ಯಾರಿಗೂ ಕೊಡಬೇಡಿ.

ಮುಕ್ತಿನಾಥ ಇರುವ ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿ ಭಾರತೀಯರಿಗೆ 1,000 ನೇಪಾಳಿ ರೂಪಾಯಿ, ನಮ್ಮ 625. ಜೊಮ್‌ಸೋಮ್ ಇರುವ ಕಾಳಿಗಂಡಕಿ ಕಣಿವೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಬಿರುಸಾಗಿ ವಿಮಾನ ನಿಲ್ಲುತ್ತದೆ, ಬೆಳಗಿನ ಮೋಡಕ್ಕೂ ರದ್ದಾಗುತ್ತದೆ. ಹಾಗಾಗಿ ಎರಡು ದಿನ ಕೈಯಲ್ಲಿಟ್ಟುಕೊಂಡೇ ಊರಿನ ಟಿಕೆಟ್ ಬುಕ್ ಮಾಡಿ. ದಶೈಂ (ಅವರ ದಸರಾ), ತಿಹಾರ್ (ಅವರ ದೀಪಾವಳಿ) ಹಬ್ಬಗಳಿಗೆ ನೇಪಾಳವೆಲ್ಲ ಊರಿಗೆ ಹೊರಟಿರುತ್ತದೆ, ಆಗ ಬಸ್ಸಿನಲ್ಲೂ ಸೀಟು ಸಿಗುವುದು ಕಷ್ಟ.